ಬಾಣಂತನದ ವಿಳಾಸ

ಅಧಿಕ ಬೇಸಿಗೆ ಮಾಸದ ಮೂವತ್ತೊಂಬತ್ತನೆಯ ದಿನ
ಉಪ್ಪುಬಂದರು

ದಾಕ್ಷಾಯಣಿ ಅಜ್ಜಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡ. ನಮ್ಮಲ್ಲಿ ಸೆಕೆ ಇಳಿಯುವವರೆಗೆ ತಿಂಗಳು ಮುಗಿಯುವುದಿಲ್ಲ. ಹೋದ ವರ್ಷ ಇದೇ ತಿಂಗಳು ಎಷ್ಟು ಉದ್ದ ನಡೆಯಿತೆಂದರೆ ಸಂಬಳದ ದಿನ ಯಾವುದು ಎಂದು ಜಗಳವಾಗಿತ್ತು. ಪದಗಳ ವಿಷಯದಲ್ಲೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಕನ್ನಡ ಮನೆಯಲ್ಲಿ ಕಲಿತದ್ದು, ಆಮೇಲೆ ಕಾಲೇಜಿನಲ್ಲಿ ತಿದ್ದಿಸಿಕೊಂಡದ್ದು. ನಿನ್ನ ಕಾಲದಲ್ಲಿ ಇಲ್ಲದ ವಸ್ತುಗಳಿಗೆ ನಾವು ಮಾಡಿಕೊಂಡ ಹೆಸರುಗಳು ನಡುನಡುವೆ ಬರುತ್ತವೆ. ಬಂದ ಕಡೆ ಬಿಡಿಸಿ ಹೇಳುತ್ತೇನೆ. ವಿಚಿತ್ರ ಅನ್ನಿಸಿದರೆ ಅನ್ನಿಸಲಿ, ಓದುವುದನ್ನು ಮಾತ್ರ ನಡುವೆ ನಿಲ್ಲಿಸಬೇಡ.

ನಾನು ಇಳಾ. ನಿನ್ನ ಮಡಿಲಲ್ಲಿ ಈಗ ಮಲಗಿರುವ ಸಮರ್ಥ ದೊಡ್ಡವನಾಗಿ, ಅವನಿಗೆ ಒಬ್ಬ ಮಗ ಹುಟ್ಟುತ್ತಾನೆ. ಆ ಮಗ ನನ್ನ ಅಜ್ಜ. ನಿನಗೆ ಈಗ ಮೂವತ್ತೆರಡು ಎಂದು ಗೊತ್ತು. ನನಗೆ ಅದಕ್ಕಿಂತ ಎರಡು ವರ್ಷ ಹೆಚ್ಚೇ. ನನಗಿಂತ ಚಿಕ್ಕವಳನ್ನು ಅಜ್ಜಿ ಎಂದು ಕರೆಯುವುದು ಬಾಯಿಗೆ ಹೊಂದುವುದಿಲ್ಲ, ಆದರೆ ಮನೆಯಲ್ಲಿ ಎಲ್ಲರೂ ನಿನ್ನನ್ನು ಅರ್ಜಿ ಅಜ್ಜಿ ಎಂದೇ ಕರೆಯುತ್ತಾ ಬಂದವರು. ಹೊರದೇಶಕ್ಕೆ ಹೋಗಲು ಕುಶಲ ಕೆಲಸಗಾರರ ಅರ್ಜಿಯನ್ನು ಮನೆತನದಲ್ಲಿ ಮೊದಲು ತುಂಬಿದವಳು ನೀನು. ಆ ಅರ್ಜಿ ಇನ್ನೂ ನಿನ್ನ ಲ್ಯಾಪ್‌ಟಾಪಿನಲ್ಲಿ ತೆರೆದೇ ಇದೆ, ಸಲ್ಲಿಸಿಲ್ಲ. ನೀನು ಉಳಿಸಿಟ್ಟು ಎದ್ದಿದ್ದೀಯ. ಈ ಕಾಗದ ಅದರ ಕೊನೆಯ ಖಾನೆಯಲ್ಲಿ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳುವ ಆ ಖಾನೆಯಲ್ಲಿ, ನಿನಗೆ ಸಿಗುತ್ತದಂತೆ. ಸಿಕ್ಕಿದರೆ ನಿದ್ದೆಗಣ್ಣಲ್ಲಿ ನಾನೇ ಏನೋ ಟೈಪ್ ಮಾಡಿದೆ ಎಂದು ಅಳಿಸಿಬಿಡಬೇಡ.

ನೀನು ಬರಬೇಕೆಂದಿರುವ ಈ ಹೊರದೇಶದಲ್ಲಿ ಈಗ ನಡುಹಗಲು. ಬಂದರಿನ ಜನ ಹಗಲು ಮಲಗಿ ಹೊತ್ತು ಮುಳುಗಿದ ಮೇಲೆ ಏಳುತ್ತಾರೆ. ಬಾಗಿಲು ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಇಳಿಬಿಟ್ಟಿರುತ್ತೇವೆ. ಅದು ಒಣಗುವ ಮೊದಲು ಮನೆಯಲ್ಲಿ ಯಾರಾದರೂ ಒಬ್ಬರು ಎದ್ದು ನೀರು ಚಿಮುಕಿಸಬೇಕು. ನಮ್ಮ ಮನೆಯಲ್ಲಿ ಆ ಒಬ್ಬರು ನಾನು, ಹೇಗೂ ನಿದ್ದೆ ಬರುವುದಿಲ್ಲವಲ್ಲ. ನಾನು ಪೊರೆಗಾರ್ತಿ. ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸುವ ತೆಳ್ಳನೆಯ ಪೊರೆಗಳು ಹರಿದಾಗ ಕೂಡಿಸುವ ಕೆಲಸ ನನ್ನದು. ನೀನು ಡಯಾಲಿಸಿಸ್ ಯಂತ್ರದ ಪಕ್ಕ ನಿಂತು ಜನರ ರಕ್ತ ತೊಳೆಯುತ್ತಿದ್ದೆ ಎಂದು ಅಜ್ಜ ಹೇಳುತ್ತಿದ್ದ. ನಾನು ಸಮುದ್ರ ತೊಳೆಯುತ್ತೇನೆ. ತೊಳೆದ ಮೇಲೆ ಉಳಿಯುವ ಉಪ್ಪನ್ನು ಎಲ್ಲಿ ಹಾಕುವುದು ಎಂದು ಯಾರಿಗೂ ತಿಳಿಯದೆ ಊರ ಹೊರಗೆ ಗುಡ್ಡೆ ಹಾಕಿದ್ದಾರೆ. ಗಾಳಿ ಎದ್ದ ದಿನ ಆ ಗುಡ್ಡೆಗಳು ಪುಡಿಯಾಗಿ ಓಣಿಗೆ ಬರುತ್ತವೆ. ರೊಟ್ಟಿಗೆ ಉಪ್ಪು ಹಾಕುವ ಅಭ್ಯಾಸ ನಮ್ಮಲ್ಲಿ ಹೋಗಿ ಎಷ್ಟೋ ಕಾಲವಾಯಿತು.

ನನ್ನ ಮಗಳ ಹೆಸರು ತೊರೆ. ನಮ್ಮಲ್ಲಿ ಮಕ್ಕಳಿಗೆ ನೀರಿನ ಹೆಸರಿಡುವುದು ರೂಢಿ, ಸಿಹಿನೀರಿನದು. ಎರಡನೆಯ ಬೇಸಿಗೆ ನೋಡುತ್ತಿದ್ದಾಳೆ. ಅವಳಿಗೆ ಉಪ್ಪುಗೂರಲು ಇದೆ. ಗೂರಲು ಎಂದರೆ ಉಬ್ಬಸ, ನಿನಗೆ ಗೊತ್ತು, ಇದು ಉಪ್ಪಿನ ಧೂಳಿನಿಂದ ಎಳೆಯ ಎದೆಯಲ್ಲಿ ಕೂರುವಂಥದ್ದು. ಮಲಗಿದಾಗ ಅವಳ ಎದೆಯೊಳಗೆ ಯಾರೋ ಒಣಗಿದ ಎಲೆ ತುಳಿದು ಓಡಾಡುತ್ತಿರುವ ಹಾಗೆ ಸದ್ದು ಬರುತ್ತದೆ. ಆ ಸದ್ದು ನಿಂತರೆ ಏಳುತ್ತೇನೆ, ಜೋರಾದರೆ ಏಳುತ್ತೇನೆ. ವೈದ್ಯರು ಸುತ್ತುಬಳಸಿ ಹೇಳುವವರಲ್ಲ. "ಮೂರನೇ ಬ್ಯಾಸಗಿ ಇಲ್ಲಿ ನೋಡಬ್ಯಾಡ್ರಿ. ಎತ್ತರದ ಊರಿಗೆ ಒಯ್ರಿ. ಅಲ್ಲಿ ಹ್ವಾದ್ರ ಬದಕ್ತಾಳ, ಇಲ್ಲಿದ್ರ ನಾ ಏನೂ ಹೇಳೂದಿಲ್ಲ," ಎಂದರು. ಎತ್ತರದ ಊರು ಎಂದರೆ ನಮಗೆ ಉಳಿದಿರುವುದು ಒಂದೇ, ನೀನು ಬಿಟ್ಟು ಬರಲು ಹೊರಟಿರುವ ನೆಲ. ಅದನ್ನು ಈಗ ಮೇಲ್ಸೀಮೆ ಎನ್ನುತ್ತಾರೆ. ಕಾರವಾರದಲ್ಲಿ ನೀನಿರುವ ಬಾಡಿಗೆ ಮನೆ, ಆ ಆಸ್ಪತ್ರೆ, ಆ ರಸ್ತೆ ಯಾವುದೂ ಈಗ ನೀರಿನ ಮೇಲಿಲ್ಲ. ಆದರೆ ಒಳನಾಡಿನ ಗುಡ್ಡಗಳ ಬುಡದಲ್ಲಿ ಗಾಳಿ ತಿಳಿಯಾಗಿದೆಯಂತೆ, ಬೆಳಗಿನ ಹೊತ್ತು ಬಾಯಿ ತೆರೆದರೆ ನಾಲಿಗೆಗೆ ಏನೂ ತಾಕುವುದಿಲ್ಲವಂತೆ. ನನಗೆ ಅದನ್ನು ಊಹಿಸಲು ಆಗುವುದಿಲ್ಲ.

ಹಾಗಾಗಿ ನಾನೂ ನಿನ್ನಂತೆಯೇ ಅರ್ಜಿ ತುಂಬಿದೆ, ನೀನು ಆ ಕಡೆಯಿಂದ ಈ ಕಡೆಗೆ, ನಾನು ಈ ಕಡೆಯಿಂದ ಆ ಕಡೆಗೆ. ಮೇಲ್ಸೀಮೆಗೂ ಕುಶಲ ಕೆಲಸಗಾರರ ಪಟ್ಟಿ ಇದೆ, ಅಂಕಗಳಿವೆ. ಅರ್ಜಿಗಳು ಈಗ ಮಾತಾಡುತ್ತವೆ, ಉತ್ತರ ಹೇಳುವಾಗ ತಡವರಿಸಿದರೆ ಆ ತಡವರಿಕೆಯನ್ನೂ ಬರೆದುಕೊಳ್ಳುತ್ತವೆ. ಆದರೆ ಅರ್ಧ ಗಂಟೆ ಸುಮ್ಮನಿದ್ದರೆ ತಾನೇ ಮುಚ್ಚಿಕೊಳ್ಳುವ ಚಾಳಿ, ಫೋಟೋದ ಹಿನ್ನೆಲೆ ಬಿಳಿಯೇ ಇರಬೇಕೆಂಬ ಹಟ, ಇವೆರಡೂ ನಿನ್ನ ಕಾಲದಿಂದ ಹಾಗೇ ಬಂದಿವೆ. ತೊರೆಯ ಫೋಟೋ ಎಷ್ಟು ಸಲ ವಾಪಸು ಬಂತೋ. ಫೋಟೋದಲ್ಲಿ ಮಗುವಿನ ಬಾಯಿ ಮುಚ್ಚಿರಬೇಕಂತೆ. ಅವಳು ಉಸಿರಾಡುವುದೇ ಬಾಯಿಂದ. ನಾನು ಅವಳ ಗದ್ದ ಹಿಡಿದು ಎತ್ತುವುದು, ನನ್ನ ಗಂಡ ಕೇದಾರ ಚಿತ್ರ ಹಿಡಿಯುವುದು, ಅವಳು ಕೆಮ್ಮುವುದು. ಕೊನೆಗೆ ಕೇದಾರ, "ಇದ ಇರ್ಲಿ ಬಿಡು, ನಗಾಕತ್ತಾಳ ಅಂತ ತಿಳ್ಕೋತಾರ," ಎಂದು ಒಂದನ್ನು ಹಾಕಿದ. ಅದಕ್ಕೆ ಒಪ್ಪಿಗೆ ಬಂತು.

ನನಗೂ ಕೇದಾರನಿಗೂ ಏನೂ ತೊಂದರೆಯಾಗಲಿಲ್ಲ. ಮೇಲ್ಸೀಮೆಗೆ ದುಡಿಯುವ ಕೈ ಬೇಕು. ಕುಡಿಯುವ ಬಾಯಿಯ ವಿಷಯ ಬಂದಾಗ ಲೆಕ್ಕ ಬಿಗಿಯಾಗುತ್ತದೆ, ಏಕೆಂದರೆ ಅಲ್ಲಿಯ ನೀರು ಅಲ್ಲಿಯವರಿಗೇ ಸಾಲದು. ಚಿಕ್ಕ ಮಕ್ಕಳನ್ನು ಒಳಗೆ ಬಿಡಬೇಕಾದರೆ ಅರ್ಜಿಯಲ್ಲಿ ಹೊಕ್ಕಳ ಸಾಲು ಎಂಬುದೊಂದು ತುಂಬಬೇಕು. ಕೂಸಿನ ಹೊಕ್ಕಳಬಳ್ಳಿ ಉದುರಿ ಬಿದ್ದ ನೆಲ ಕೂಸಿನದು ಎಂಬ ಹಳೆಯ ನಂಬಿಕೆಯನ್ನು ಅವರು ಕಾಯಿದೆ ಮಾಡಿಕೊಂಡಿದ್ದಾರೆ. ಮಗುವಿನ ಹಿಂದಿನ ಐದು ತಲೆಮಾರಿನೊಳಗೆ ಒಬ್ಬ ತಾಯಿಯಾದರೂ ಆ ನೆಲದಲ್ಲಿ ಹೆತ್ತಿರಬೇಕು, ಇಲ್ಲವೇ ಬಾಣಂತಿಯಾಗಿ ಇದ್ದಿರಬೇಕು. ಇದ್ದೆ ಎಂಬುದನ್ನು ಆ ತಾಯಿಯೇ ತನ್ನ ಕಾಲದಲ್ಲಿ ಯಾವುದಾದರೂ ಸರ್ಕಾರದ ಅರ್ಜಿಯಲ್ಲಿ ತಾನಾಗಿ ಬರೆದಿರಬೇಕು. ಬೇರೆಯವರು ಹೇಳಿದರೆ ನಡೆಯುವುದಿಲ್ಲ, ಚಿತ್ರ ತೋರಿಸಿದರೂ ನಡೆಯುವುದಿಲ್ಲ, ಏಕೆಂದರೆ ಬೇಕಾದ ಚಿತ್ರ ಬೇಕಾದಷ್ಟು ಹುಟ್ಟಿಸಬಹುದು. ಒಂದು ಕಾಲಕ್ಕೆ ಬಂದರಿನಲ್ಲಿ ಅಜ್ಜಿಯರ ಕಳ್ಳಸಂತೆಯೇ ನಡೆದಿತ್ತು. ಗುಡ್ಡದ ಊರಿನ ಅಜ್ಜಿ ಬೇಕೆಂದರೆ ಹೆಸರು, ಮುಖ, ದನಿ ಎಲ್ಲ ಮಾಡಿ ಕೊಡುತ್ತಿದ್ದರು. ನಮ್ಮ ಅತ್ತೆ ಈಗಲೂ ಅದನ್ನೇ ಎತ್ತಿ ಆಡುತ್ತಾರೆ. "ಹೋಗವಾ, ಸಂತ್ಯಾಗ ಒಂದು ಅಜ್ಜಿ ನೋಡಿ ತಗೊಂಡ್ ಬಾ, ಹೊಕ್ಕಳ ಸಮೇತ ಇರೂದು. ನಿಮ್ಮ ಮನ್ಯಾಗ ಇದ್ದಾಕಿ ಹಡದವ್ವನ ಮನೀನ ಬರಿಯೂದು ಮರತಾಳ."

ಹೌದು ಅಜ್ಜಿ, ಅವರು ಹೇಳುವುದು ನಿನ್ನ ವಿಷಯ. ನನ್ನ ಉಳಿದ ಅಜ್ಜಿಯರೆಲ್ಲ ಸಮುದ್ರದಂಚಿನವರು, ಕೇದಾರನ ಕಡೆಯವರೂ ಅಷ್ಟೇ. ತೊರೆಗೆ ಇರುವ ಮೇಲ್ಸೀಮೆಯ ತಾಯಿ ನೀನೊಬ್ಬಳೇ. ಸಮರ್ಥ ಹುಟ್ಟಿದ್ದು ಕಾರವಾರದಲ್ಲಿ, ನೀನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಏಳನೆಯ ತಿಂಗಳಿಗೆ ನೀನು ತವರಿಗೆ ಹೋದದ್ದು, ಅಲ್ಲಿ ರಕ್ತದೊತ್ತಡ ಏರಿ ನಿನ್ನ ಗಂಡ ಮಹಾಂತೇಶ ಅಜ್ಜ ಕಾರು ಮಾಡಿಕೊಂಡು ಬಂದು ನಿನ್ನನ್ನು ಕರೆದೊಯ್ದದ್ದು, ಹೊಟ್ಟೆ ಕೊಯ್ದು ಕೂಸನ್ನು ತೆಗೆದದ್ದು, ಇದೆಲ್ಲ ನಮ್ಮ ಮನೆಯಲ್ಲಿ ಕಥೆಯಾಗಿ ಉಳಿದಿದೆ. ಜನನ ಪತ್ರದಲ್ಲಿ ಕಾರವಾರ ಎಂದೇ ಇದೆ, ಮುಳುಗಿದ ಆ ಊರು ಮೇಲ್ಸೀಮೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹೊಲಿಗೆ ಇನ್ನೂ ಮಾಗುವ ಮೊದಲೇ ನಿನ್ನ ಅವ್ವ ಪಾರವ್ವ ಹಟ ಹಿಡಿದು ನಿನ್ನನ್ನು ಮತ್ತೆ ಹಿರೇಗೊನ್ನಾಪುರಕ್ಕೆ, ಕಪ್ಪತಗುಡ್ಡದ ಬುಡಕ್ಕೆ ಕರೆದುಕೊಂಡು ಹೋದಳು. ಹೊಕ್ಕಳಬಳ್ಳಿ ಉದುರಿದ್ದು ಅಲ್ಲಿ. ಪಾರವ್ವ ಅದನ್ನು ಹಿತ್ತಲಲ್ಲಿ ಹೂತಳು. ಅಳ್ವಿ ಪಾಯಸ, ಅಂಟಿನ ಉಂಡಿ, ಲೋಬಾನದ ಹೊಗೆ, ಕಿವಿಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಕೂಸಿನ ತಲೆಗೆ ಕುಲಾಯಿ. ಐದು ತಿಂಗಳು ನೀನು ಅಲ್ಲಿದ್ದೆ. ಹತ್ತು ವರ್ಷದಲ್ಲಿ ಎಲ್ಲೆಲ್ಲಿ ವಾಸವಿದ್ದಿರಿ, ಒಂದು ದಿನವೂ ಬಿಡದೆ ಬರೆಯಿರಿ ಎಂದು ಅರ್ಜಿ ಕೇಳಿದಾಗ ನೀನು ಕಾರವಾರದ ಬಾಡಿಗೆ ಮನೆಯನ್ನು ಮಾತ್ರ ಬರೆದೆ.

ನಿನ್ನನ್ನು ಬೈಯಲು ಇದನ್ನು ಎತ್ತುತ್ತಿಲ್ಲ. ನಮ್ಮ ಜನ ಯಾರು ತಾನೇ ಬರೆದಾರು. ಬಾಣಂತನಕ್ಕೆ ಹೋಗುವುದು ವಾಸವೆಂದು ಯಾರಿಗೂ ಹೊಳೆಯುವುದಿಲ್ಲ. ಹೋಗಿದ್ದೆ, ಬಂದೆ, ಅಷ್ಟೇ. ನೀನಾದರೂ ಒಂದು ಗಳಿಗೆ ಅನುಮಾನಪಟ್ಟು ಗಂಡನನ್ನು ಕೇಳಿದ್ದೀಯ. ಆ ಮೆಸೇಜುಗಳು ಮೇಲ್ಸೀಮೆಯ ಕಚೇರಿಯಲ್ಲಿವೆ, ನಾನು ಓದಿದ್ದೇನೆ. "ರೀ, ಅವ್ವನ ಮನ್ಯಾಗ ಇದ್ದಿದ್ದು ಬರೀಬೇಕೇನು?" ಎಂದು ನೀನು. "ಬಾಣಂತನಕ್ಕ ಹೋಗಿದ್ದಿ ದಾಕ್ಷಾ, ಅಲ್ಲೇನು ಸಂಸಾರ ಹೂಡಿದ್ದೇನು? ಅಷ್ಟು ದಿನ ಬ್ಯಾರೆ ಇದ್ರು ಅಂದ್ರ ಗಂಡ ಹೆಂಡ್ತಿ ಜಗಳ ಆಡ್ಯಾರ ಅಂತ ತಿಳ್ಕೋತಾರ. ಒಂದ ಅಡ್ರೆಸ್ ಬರದು ಮುಗಸು," ಎಂದು ಅವನು. ಅರ್ಜಿ ಹಾಕಿಸುವ ಏಜೆಂಟನ ದನಿಯೂ ಇದೆ, ಕಾರವಾರದ ಕಡೆಯ ಮಾತು. "ಮೇಡಂ, ಎರಡೆರಡು ಅಡ್ರೆಸ್ ಹಾಕಿದ್ರೆ ಪ್ರಶ್ನೆ ಬರ್ತದೆ. ಫೈಲ್ ನಿಂತ್ಕೊಳ್ತದೆ. ನಿಮ್ಮ ಬರ್ತ್‌ಡೇ ಹತ್ರ ಉಂಟು, ವಯಸ್ಸಿನ ಅಂಕ ಹೋದ್ರೆ ಮತ್ತೆ ನನ್ನ ಕೇಳ್ಬೇಡಿ." ಎಲ್ಲರೂ ನಿನಗೆ ಒಳ್ಳೆಯದನ್ನೇ ಬಯಸಿದವರು.

ವಿಚಾರಣೆಯ ದಿನ ಏನಾಯಿತು ಎಂದು ಹೇಳುತ್ತೇನೆ. ಹಿಂದಿನವರ ಅರ್ಜಿ, ಪತ್ರ, ಕಳಿಸಿದ ದನಿ, ಎಲ್ಲವನ್ನೂ ಸೇರಿಸಿ ಕಚೇರಿಯವರು ಸಾಕ್ಷಿದನಿ ಎಂಬುದನ್ನು ತಯಾರಿಸುತ್ತಾರೆ. ಸತ್ತವರ ದನಿಯೇ, ಆದರೆ ಅವರು ಅರ್ಜಿಯಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಅದು ಒಂದು ಮಾತೂ ಆಡುವುದಿಲ್ಲ. ಗೋಡೆಯ ಪರದೆಯಲ್ಲಿ ಮೇಲ್ಸೀಮೆಯ ಗುಮಾಸ್ತೆ ಬಂದು ಕೂತಳು, ನಡುವಯಸ್ಸಿನ ಹೆಂಗಸು, ಒಳ್ಳೆಯ ಮುಖ. ತೊರೆ ನನ್ನ ತೊಡೆಯ ಮೇಲಿದ್ದಳು. ಗುಮಾಸ್ತೆ ಕೇಳಿದಳು, "ದಾಕ್ಷಾಯಣಿ ಅವರ, ಕೂಸು ಹುಟ್ಟಿದ ಮ್ಯಾಲೆ ನೀವು ಎಲ್ಲಿದ್ರಿ?" ನಿನ್ನ ದನಿ ಅಷ್ಟು ಎಳೆಯದಿದೆ ಎಂದು ನಾನು ಎಣಿಸಿರಲಿಲ್ಲ. "ಕಾರವಾರದಾಗ ಇದ್ನಿರಿ. ಬಾಡಿಗಿ ಮನ್ಯಾಗ, ಯಜಮಾನ್ರ ಜೋಡಿ." "ಎಲ್ಲೂ ಹೋಗಿರಲಿಲ್ಲೇನು? ತವರಮನಿಗೆ?" "ಇಲ್ರಿ. ಎಲ್ಲೂ ಹೋಗಿಲ್ಲ." ಆದರೆ ಅಜ್ಜಿ, ಆ ದನಿಯನ್ನು ನೀನು ಕಳಿಸಿದ ವಾಯ್ಸ್ ಮೆಸೇಜುಗಳಿಂದ ಮಾಡಿದ್ದಾರೆ, ನೀನು ಅತಿ ಹೆಚ್ಚು ವಾಯ್ಸ್ ಮೆಸೇಜ್ ಕಳಿಸಿದ್ದು ಆ ಐದು ತಿಂಗಳಲ್ಲಿ. ಎಲ್ಲೂ ಹೋಗಿಲ್ಲ ಎಂದು ನೀನು ಹೇಳುತ್ತಿರುವಾಗಲೇ ನಿನ್ನ ಹಿಂದೆ ಗಾಳಿ ಬೀಸುತ್ತಿತ್ತು, ಹಂಡೆಗೆ ಚೆಂಬು ಬಡಿಯಿತು, ಎಳೆಗೂಸು ರಾಗ ಎಳೆಯಿತು. ಅದರ ಮೇಲೆ ವಯಸ್ಸಾದ ಹೆಂಗಸೊಬ್ಬಳ ಮಾತು. "ಏ ದಾಕ್ಷಾ, ಗಾಳಿಗೆ ನಿಂದರಬ್ಯಾಡ, ಕಿವಿ ಕಟ್ಕೊ. ಕೂಸಿಗೆ ಎರಿಯಾಕ ನೀರು ಕಾದಾವ."

ನಾನು ಗುಮಾಸ್ತೆಯ ಮುಖ ನೋಡಿದೆ.  ಅವಳು, "ನಂಗೂ ಕೇಳಿಸ್ತು ತಂಗಿ. ಆದ್ರ ಹಿಂದಿನ ಸಪ್ಪಳಕ್ಕ ಅರ್ಜ್ಯಾಗ ಜಾಗ ಇಲ್ಲ. ತಾನ ಇಲ್ಲ ಅಂದಾಕಿನ್ನ ನಾವು ಹೆಂಗ ಹೌದು ಅನ್ನೂಣು?" ಎಂದಳು.

ಅರ್ಜಿಯ ಗಡುವು ಮುಗಿಯುವವರೆಗೆ ಸಾಕ್ಷಿದನಿ ಅರ್ಜಿದಾರರ ಮನೆಯಲ್ಲೇ ಇರಬೇಕು, ಮತ್ತೇನಾದರೂ ನೆನಪಾದೀತು ಎಂದು. ಹೀಗಾಗಿ ನೀನು ಈಗ ನಮ್ಮ ಮನೆಯಲ್ಲಿದ್ದೀಯ. ಅಡಿಗೆಮನೆಯ ಗೋಡೆಯೊಳಗಿನಿಂದ ಮಾತಾಡುತ್ತೀಯ. ಯಾರೂ ಕೇಳದಿದ್ದರೂ ಒಮ್ಮೊಮ್ಮೆ ನಿನ್ನ ಕೆಲಸದ ಅನುಭವ ಹೇಳುತ್ತೀಯ, ಇಂಗ್ಲಿಷ್ ಪರೀಕ್ಷೆಯಲ್ಲಿ ಬಂದ ಅಂಕ ಹೇಳುತ್ತೀಯ. ಮೊದಲು ಅತ್ತೆ ಹೆದರಿ ಗೋಡೆಗೆ ವಿಭೂತಿ ಹಚ್ಚಿದರು. ಈಗ ರೂಢಿಯಾಗಿ, ರೊಟ್ಟಿ ಬಡಿಯುತ್ತಾ ನಿನಗೆ ಎದುರುತ್ತರ ಕೊಡುತ್ತಾರೆ. "ಎಲ್ಲೂ ಹೋಗಿಲ್ರಿ," ಎಂದು ನೀನಂದರೆ, "ಹೋಗಿದ್ಯವಾ ಮಾರಾಯ್ತಿ, ನಿನಗೆ ನೆನಪಿಲ್ಲ," ಎನ್ನುತ್ತಾರೆ. ನನಗೆ ತಡೆಯಲಾಗದ್ದು ಬೇರೆ. ತೊರೆಗೆ ಉಸಿರು ಕಟ್ಟಿ ಅಳು ಬಂದಾಗ ನೀನು ಗೋಡೆಯಿಂದ "ಸಮೂ, ಯಾಕ ನನ್ನ ರಾಜಾ, ಬಂದ್ನಿ ಬಂದ್ನಿ" ಎನ್ನುತ್ತೀಯ. ನೀನು ಬರುವುದಿಲ್ಲ. ಅವಳು ಅಳು ನಿಲ್ಲಿಸಿ ಗೋಡೆಯ ಕಡೆಗೆ ಕೈ ಚಾಚಿ ಕಾಯುತ್ತಾಳೆ. ನಾನು ಅವಳ ಪಕ್ಕದಲ್ಲೇ ಇರುತ್ತೇನೆ, ನನ್ನನ್ನು ಬಿಟ್ಟು ಗೋಡೆಯನ್ನು ನೋಡುತ್ತಾಳೆ.

ಹೋದ ವಾರ ತೀರ್ಪು ಬಂತು. ನನಗೆ ಒಪ್ಪಿಗೆ, ಜೊತೆಗಾರನಾಗಿ ಕೇದಾರನಿಗೆ ಒಪ್ಪಿಗೆ, ಮಗುವಿಗೆ ಇಲ್ಲ. ಸೆಕೆ ಇಳಿದು ತಿಂಗಳು ಮುಗಿಯುವುದರೊಳಗೆ ಹೊರಡದಿದ್ದರೆ ನಮ್ಮ ಒಪ್ಪಿಗೆಯೂ ರದ್ದು. ನಾವು ಹೋಗಿ ಅಲ್ಲಿ ಮೂರು ವರ್ಷ ದುಡಿದರೆ ಮಗುವನ್ನು ಕರೆಸಿಕೊಳ್ಳಬಹುದು, ಅಲ್ಲಿಯವರೆಗೆ ಅವಳು ಅತ್ತೆಯ ಹತ್ತಿರ ಇರಬೇಕು, ಈ ಧೂಳಿನಲ್ಲಿ. ಮೂರನೆಯ ಬೇಸಿಗೆಯ ವಿಷಯ ಮೇಲೆ ಹೇಳಿದ್ದೇನೆ. ನಾನು ತೀರ್ಪನ್ನು ಓದಿ ಮುಗಿಸುವ ಹೊತ್ತಿಗೆ ಗುಮಾಸ್ತೆ ತಾನಾಗಿ ಪರದೆಗೆ ಬಂದು, ಇನ್ನೊಂದು ದಾರಿ ಉಂಟು, ಹಿಂಬರಹ ಎಂದು ಹೆಸರು, ಕೇಳಿದವರಿಗೆ ಮಾತ್ರ ಹೇಳಬೇಕೆಂದು ಅಪ್ಪಣೆ ಇದೆ, ನೀನು ಕೇಳಿದೆ ಎಂದು ಬರೆದುಕೊಳ್ಳುತ್ತೇನೆ ಎಂದಳು. ಹಿಂಬರಹ ಎಂದರೆ ಇದೇ, ನೀನು ಓದುತ್ತಿರುವುದು. ಹಳೆಯ ಅರ್ಜಿಗಳಲ್ಲಿ ಸಲ್ಲಿಸುವ ಮೊದಲು ಉಳಿಸಿಟ್ಟ ಕರಡುಗಳು ಇರುತ್ತವೆ. ಅವು ಪೂರ್ತಿ ಮುಚ್ಚಿಕೊಂಡಿಲ್ಲವಂತೆ. ಈ ಕಡೆಯಿಂದ ಬರೆದದ್ದು ಆ ಕಡೆ ಕಾಣುತ್ತದಂತೆ. ಹೇಗೆ ಎಂದು ನನಗೆ ತಿಳಿಯದು, ಅವಳಿಗೂ ತಿಳಿಯದು. "ಯೋಚನಿ ಮಾಡಿ ಬರಿ ತಂಗಿ. ಬರದವರು ಮತ್ತ ಬಂದು ನಂಗ ಏನಾತು ಅಂತ ಹೇಳಿದ್ದಿಲ್ಲ," ಎಂದಳು.

ನಮ್ಮ ಓಣಿಯ ಕೊನೆಯಲ್ಲಿ ಒಂದು ಮನೆ ಖಾಲಿ ಇದೆ. ಅಲ್ಲಿ ಯಾರಿದ್ದರು ಎಂದು ಓಣಿಯಲ್ಲಿ ಯಾರಿಗೂ ನೆನಪಿಲ್ಲ, ನನಗೂ ಇಲ್ಲ. ಮೊನ್ನೆ ಅದರ ಮುಂದೆ ಹಾದು ಬರುವಾಗ ನೋಡಿದೆ, ಬಾಗಿಲಿಗೆ ಇಳಿಬಿಟ್ಟ ಗೋಣಿ ಇನ್ನೂ ಒದ್ದೆಯಾಗಿತ್ತು. ಅಂಗಳದ ಹಗ್ಗದ ಮೇಲೆ ಕೂಸಿನ ಅಂಗಿಗಳು, ನೀರು ತೊಟ್ಟಿಕ್ಕುತ್ತಿತ್ತು. ಇಲ್ಲಿ ಯಾರ ಮನೆಯಲ್ಲಿ ಕೂಸಿತ್ತು ಎಂದು ಅತ್ತೆಯನ್ನು ಕೇಳಿದೆ. ಅವರು ಬಾಯಿ ತೆರೆದರು, ಏನೋ ಹೆಸರು ನಾಲಿಗೆಯ ತುದಿಗೆ ಬಂದ ಹಾಗಿತ್ತು, ಆಮೇಲೆ ಮುಚ್ಚಿಕೊಂಡರು. ಆ ದಿನ ಅವರು ಗೋಡೆಯ ಜೊತೆಗೂ ಮಾತಾಡಲಿಲ್ಲ.

ಇದನ್ನು ನಿನಗೆ ಹೇಳದೆ ಬರೆಯಲು ನನಗೆ ಮನಸ್ಸಾಗಲಿಲ್ಲ. ನೀನು ತವರಿನ ವಿಳಾಸ ಬರೆದರೆ ಏನಾಗಬಹುದು ಎಂದು ನಾನೂ ಕೇದಾರನೂ ಈ ವಾರವೆಲ್ಲ ಮಾತಾಡಿದ್ದೇವೆ, ಮಾತಾಡದೆ ಮುಖ ತಿರುಗಿಸಿಕೊಂಡೂ ಕೂತಿದ್ದೇವೆ. ಏನೂ ತೊಂದರೆಯಾಗದೆ ನೀನು ಬರಬಹುದು. ಆಗ ಹೊಕ್ಕಳ ಸಾಲು ಸರಿಯಾಗುತ್ತದೆ, ತೊರೆ ನಮ್ಮ ಜೊತೆ ಹೊರಡುತ್ತಾಳೆ. ಇಲ್ಲವೇ ಏಜೆಂಟ್ ಹೇಳಿದಂತೆ ಪ್ರಶ್ನೆ ಬಂದು, ಫೈಲು ನಿಂತು, ನಿನ್ನ ಹುಟ್ಟುಹಬ್ಬ ದಾಟಿ, ಅಂಕ ಇಳಿದು ನೀನು ಅಲ್ಲೇ ಉಳಿಯಬಹುದು. ಆಗ ಸಮರ್ಥ ಅಲ್ಲೇ ಬೆಳೆಯುತ್ತಾನೆ, ಬಂದರಿನ ಹುಡುಗಿಯನ್ನು ಕಾಣುವುದೇ ಇಲ್ಲ. ಅಜ್ಜ ಇಲ್ಲ, ನಾನಿಲ್ಲ, ತೊರೆ ಇಲ್ಲ. ಕೇದಾರ ಸಿಟ್ಟು ಮಾಡು ಎಂದರೂ ಮಾಡದ ಮನುಷ್ಯ, ಮೊನ್ನೆ ತಟ್ಟೆ ದೂಡಿ ಎದ್ದ. "ಇದ್ದ ಕೂಸನ್ನ ಇಲ್ಲದ್ಹಂಗ ಮಾಡಾಕ ಹೊಂಟೀಯಲ್ಲ, ನೀ ತಾಯಿ ಹೌದೋ ಅಲ್ಲೋ?" ಎಂದ.  ಸ್ವಲ್ಪ ಹೊತ್ತಿನ ಮೇಲೆ ಅವನೇ ಬಂದು ತೊರೆಯ ಎದೆಯ ಮೇಲೆ ಕಿವಿಯಿಟ್ಟು ಮಲಗಿದ. ಬಹಳ ಹೊತ್ತು ಹಾಗೇ ಇದ್ದ. ಏಳುವಾಗ, "ಬರೀ ಹಂಗಾರ," ಎಂದ. ನನ್ನ ಮುಖ ನೋಡಲಿಲ್ಲ.

ಅವನ ಪ್ರಶ್ನೆಗೆ ಉತ್ತರ ನಿನಗೆ ಹೇಳುತ್ತೇನೆ, ನೀನೂ ಎಳೆಕೂಸಿನ ತಾಯಿ. ನಾನು ತೂಗಿ ನೋಡಿದ್ದೇನೆ ಅಜ್ಜಿ, ನಿದ್ದೆಯಿಲ್ಲದವಳಿಗೆ ಬೇರೆ ಕೆಲಸವೇನಿದೆ. ನೀನು ಬರೆಯದಿದ್ದರೆ ಅವಳು ಈ ಮನೆಯಲ್ಲಿ ಮೂರನೆಯ ಬೇಸಿಗೆಯನ್ನು ಎದುರಿಸುತ್ತಾಳೆ. ಅದು ಹೇಗೆ ಮುಗಿಯುತ್ತದೆ ಎಂದು ಓಣಿಯ ಬೇರೆ ಮನೆಗಳಲ್ಲಿ ನೋಡಿದ್ದೇನೆ. ಬೆರಳಿನ ಉಗುರು ನೀಲಿಯಾಗುತ್ತದೆ, ಕೂಸು ತಾಯಿಯ ಮುಖವನ್ನೇ ನೋಡುತ್ತಿರುತ್ತದೆ, ಇವಳು ಏನಾದರೂ ಮಾಡುತ್ತಾಳೆ ಎಂದು. ನೀನು ಬರೆದರೆ ಆಗುವುದು ಎರಡರಲ್ಲಿ ಒಂದು. ಗುಡ್ಡದ ಬುಡದಲ್ಲಿ ಅವಳು ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡುತ್ತಾಳೆ, ಇಲ್ಲವೇ ಅವಳು ಹುಟ್ಟಿರುವುದೇ ಇಲ್ಲ. ಎರಡರಲ್ಲೂ ಅವಳಿಗೆ ಉಸಿರು ಕಟ್ಟುವುದಿಲ್ಲ. ಇಲ್ಲಿಯವರೆಗೆ ಬಂದು ನನ್ನ ಲೆಕ್ಕ ನಿಲ್ಲುತ್ತದೆ. ಏಕೆಂದರೆ ಅವಳು ಈಗ ತಾನೇ ಎದ್ದು, ಗೋಣಿಯಿಂದ ಇಳಿದ ನೀರಿನಲ್ಲಿ ಅಂಗೈ ಬಡಿದು, ಹನಿ ಮುಖಕ್ಕೆ ಸಿಡಿಯಿತೆಂದು ನಗುತ್ತಿದ್ದಾಳೆ. ನಕ್ಕರೆ ಕೆಮ್ಮು ಬರುತ್ತದೆ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ನಗುತ್ತಾಳೆ.

ಆದರೂ ಕೇಳುತ್ತಿದ್ದೇನೆ. ಅರ್ಜಿ ಮತ್ತೆ ತೆರೆ. ವಾಸದ ವಿವರ ಇರುವ ಪುಟಕ್ಕೆ ಹೋಗು. ಹಿರೇಗೊನ್ನಾಪುರ ಎಂದು ಬರೆ, ಪಾರವ್ವನ ಮನೆ ಎಂದು ಬರೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರೆ. ಕಾರಣ ಕೇಳಿದರೆ ಬಾಣಂತನ ಎನ್ನು. ಅವರ ಭಾಷೆಯಲ್ಲಿ ಅದಕ್ಕೆ ಹೆಸರಿಲ್ಲದಿದ್ದರೆ ಎರಡು ಸಾಲು ಹೆಚ್ಚು ಬರೆದು ತಿಳಿಸಿ ಹೇಳು, ತಾಯಿ ಮಗಳನ್ನು ಕರೆದುಕೊಂಡು ಹೋಗಿ ನೋಡಿಕೊಂಡಳು ಎಂದು. ಗಂಡ ಬೇಡವೆಂದರೆ ಅವನ ಜೊತೆ ಜಗಳವಾಡು. ಏಜೆಂಟ್ ಬೇಡವೆಂದರೆ ಅವನಿಗೆ ಹೇಳದೆ ಬರೆ. ನಿನ್ನ ಕೈ ಸಲ್ಲಿಸುವ ಗುಂಡಿಯ ಮೇಲೆ ತಡೆದರೆ, ತಡೆದದ್ದು ತಪ್ಪಲ್ಲ, ನನ್ನ ಕೈಯೂ ಈಗ ತಡೆಯುತ್ತಿದೆ.

ನೀನು ಇಲ್ಲಿಗೆ ಬಂದೆಯಾದರೆ ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ. ಬರಲಾಗದೆ ಅಲ್ಲೇ ಉಳಿದೆಯಾದರೆ, ನಮ್ಮನ್ನು ಕಂಡವರು ಯಾರೂ ಇರುವುದಿಲ್ಲ, ಈ ಕಾಗದವೂ ಇರುವುದಿಲ್ಲವೇನೋ. ಓದಿದ್ದು ಮರೆತರೂ ಇಷ್ಟು ಮಾತ್ರ ಮನಸ್ಸಿನಲ್ಲಿ ಉಳಿಸಿಕೊಳ್ಳಲು ಆದರೆ ನೋಡು. ನಿನ್ನ ಮನೆಯಲ್ಲಿ ಮುಂದೆ ಯಾವಾಗಲಾದರೂ ಹೆಣ್ಣು ಕೂಸು ಹುಟ್ಟಿದರೆ ತೊರೆ ಎಂದು ಹೆಸರಿಡು. ಇದೆಂಥ ಹೆಸರು, ಎಲ್ಲಿಂದ ತಂದಿ ಎಂದು ಪಾರವ್ವ ಕೇಳಿಯೇ ಕೇಳುತ್ತಾಳೆ. ಗೊತ್ತಿಲ್ಲವ್ವ, ಹಿಂಗ ಬಾಯಿಗೆ ಬಂತು ಎನ್ನು.

ನಿನ್ನ
ಇಳಾ